ಶೆವ್ಚಿಕ್ ಅಂದರೆ

ಹೋದ ತಿಂಗಳು ಇಳಿದು ಹೋದ ಜಗಲಿಯನ್ನೇ ಅನುಸೂಯ ಮತ್ತೆ ಹತ್ತಬೇಕಾಗಿ ಬಂತು. ಆವತ್ತು ಬಂದದ್ದು ತನಗೊಂದು ಬಾಡಿಗೆ ಮನೆ ಕೇಳಲು. ಇವತ್ತು ಬಂದದ್ದು ಗಾಳಿಯಂತ್ರದ ಕಂಪನಿಯ ಕೆಲಸಕ್ಕೆ, ಪೋಲೆಂಡಿನ ಇಂಜಿನಿಯರ್ ತೊಮಾಶ್ ಶೆವ್ಚಿಕ್‌ನನ್ನು ಅದೇ ಮನೆಯಲ್ಲಿ ಇಳಿಸಲು. ಹೊಸದುರ್ಗದ ಸೈಟ್ ಆಫೀಸಿನಲ್ಲಿ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವವಳು ಅವಳೊಬ್ಬಳೇ.

ಆವತ್ತು ಮಾಲೀಕ ಮರುಳಸಿದ್ದಪ್ಪ ಕೋಣೆಗಳನ್ನೆಲ್ಲ ತೋರಿಸಿ, ಅವಳ ಮಗಳ ಸ್ಕೂಲು ಹತ್ತಿರವೇ ಎಂದು ತಾನೇ ಹುರಿದುಂಬಿಸಿ, ಗೇಟಿನ ಹತ್ತಿರ ಬಂದಾಗ ಕೇಳಿದ್ದ: "ಏನಮ್ಮ, ನೀವು ಯಾವ ಜನ?"

ಅವಳು ಮುಚ್ಚಿಡಲಿಲ್ಲ. "ನಮ್ಮಪ್ಪ ಓಬಳೇಶಪ್ಪ ಅಂತ. ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿತಿದ್ರು."

ಮಾರನೇ ದಿನ ಫೋನು. "ನಮ್ಮ ಅಳಿಯ ಬರ್ತಾನಂತೆ ಕಣಮ್ಮ, ಮನೆ ಖಾಲಿ ಇಲ್ಲ." ಅನುಸೂಯಳ ಮಗಳು ಇಂದಿಗೂ ತಮ್ಮೂರು ತಾಳ್ಯದಿಂದ ಎರಡು ಬಸ್ಸು ಬದಲಾಯಿಸಿ ಸ್ಕೂಲಿಗೆ ಬರುತ್ತಾಳೆ, ಸಂಜೆ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಾಳೆ.

ಇವತ್ತು ನೋಡಿದರೆ ಅಳಿಯನ ಸುಳಿವೇ ಇರಲಿಲ್ಲ.

"ಬರ್ರಿ ಸಾರ್, ಕುಂತ್ಕಳ್ರಿ" ಎಂದು ಮರುಳಸಿದ್ದಪ್ಪ ಕುರ್ಚಿಯನ್ನು ಟವೆಲಿನಿಂದ ಒರೆಸಿದ. ಹೆಂಡತಿ ಶಿವಗಂಗಮ್ಮ ತೊಮಾಶ್‌ಗೆ ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು ತಂದಳು. ಅನುಸೂಯಳಿಗೆ ಬಂದದ್ದು ಪೇಪರ್ ಲೋಟದಲ್ಲಿ ಚಹಾ.

"ಶೆವ್ಚಿಕ್ ಅನ್ನೋದು ಮನೆತನದ ಹೆಸರಾ? ದೊಡ್ಡ ವಂಶನೇ ಇರಬೇಕು, ಮುಖದಾಗೇ ಗೊತ್ತಾಗ್ತೈತೆ. ಹಂಗಂದ್ರೆ ಏನು ಅಂತ ಕೇಳಮ್ಮ."

ಕೇಳಿದಳು. ತೊಮಾಶ್ ನಕ್ಕ. ತಮ್ಮಲ್ಲಿ ಅದು ತೀರಾ ಮಾಮೂಲಿ ಹೆಸರು ಎಂದ. ಅವನ ಕ್ಲಾಸಿನಲ್ಲೇ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇನ್ನಿಬ್ಬರು ಶೆವ್ಚಿಕ್‌ಗಳಿದ್ದರಂತೆ. ಒಬ್ಬ ಹಲ್ಲಿನ ಡಾಕ್ಟರಾದ, ಇನ್ನೊಬ್ಬ ಪಾದ್ರಿಯಾದ. ಹಿಂದಿನ ಕಾಲದಲ್ಲಿ ಬೂಟು ಹೊಲಿಯುವವನ ಮಗನನ್ನೋ, ಅವನ ಬಳಿ ಕೆಲಸ ಕಲಿಯುವ ಹುಡುಗನನ್ನೋ ಹಾಗೆ ಕರೆಯುತ್ತಿದ್ದರಂತೆ. ಮುತ್ತಜ್ಜ ನಿಜಕ್ಕೂ ಬೂಟು ಹೊಲಿಯುತ್ತಿದ್ದ; ಚರ್ಮ ಚುಚ್ಚುವ ಅವನ ಉಳಿಯನ್ನು ನಡುಮನೆಯ ಗೋಡೆಗೆ ತೂಗುಹಾಕಿದ್ದಾರಂತೆ.

ಅನುಸೂಯಳ ಅಪ್ಪನ ಉಳಿ ಅಟ್ಟದ ಮೇಲಿದೆ. ನೆಂಟರ ಕಣ್ಣಿಗೆ ಬೀಳದ ಹಾಗೆ ಗೋಣಿಯಲ್ಲಿ ಸುತ್ತಿಟ್ಟವಳು ಅವಳೇ.

"ಏನಂತಮ್ಮ?"

"ಚಪ್ಪಲಿ ಹೊಲಿಯೋನ ಮಗ ಅಂತಂತೆ. ಇವರ ಮುತ್ತಜ್ಜ ಹೊಲಿತಿದ್ರಂತೆ."

ಶಿವಗಂಗಮ್ಮನ ಕಣ್ಣು ಬೆಳ್ಳಿ ಲೋಟದ ಕಡೆ ಹೋಯಿತು. ಮರುಳಸಿದ್ದಪ್ಪ ಹೊಟ್ಟೆ ಕುಣಿಸಿ ನಕ್ಕ. "ಅಯ್ಯೋ ಬಿಡಮ್ಮ, ಅವರ ದೇಶದಾಗೆ ಅದು ಬೇರೆ."

"ಹೆಂಗೆ ಬೇರೆ?"

"ಬೇರೆ ಅಂದ್ರೆ ಬೇರೆ. ನಿಂಗೆ ಗೊತ್ತಾಗಲ್ಲ."

"ಚರ್ಮ ಬೇರೆನಾ, ದಾರ ಬೇರೆನಾ? ನಿಮ್ಮ ಅಳಿಯ ಎಲ್ಲಿ ಅವನೆ, ಯಜಮಾನ್ರೆ?"

ಅವನು ದನಿ ತಗ್ಗಿಸಿದ. "ಹೊರಗಿನೋರ ಮುಂದೆ ಊರ ಮಾನ ಕಳೀಬ್ಯಾಡ."

"ಊರಿನ ಮಾನ ಕಳೆದಿದ್ದು ನಾನಲ್ಲ."

ಏನು ಮಾತು ನಡೆಯುತ್ತಿದೆ ಎಂದು ತೊಮಾಶ್ ಕೇಳಿದ. ಅವಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು, ಅಳಿಯನನ್ನೂ ಬಿಡದೆ. ಅವನ ಕಿವಿ ಕೆಂಪಾಯಿತು. ತುಂಬಾ ಬೇಜಾರಾಯಿತು ಎಂದ. ಆಮೇಲೆ ಜಗಲಿಯ ಮೂಲೆಯಲ್ಲಿದ್ದ ತನ್ನ ಸೂಟ್‌ಕೇಸುಗಳನ್ನು ನೋಡಿದ. ಲಾಡ್ಜಿನಲ್ಲಿ ನಿದ್ದೆಯೇ ಬರುವುದಿಲ್ಲ, ಕಂಪನಿ ಮುಂಗಡ ಕೊಟ್ಟಾಗಿದೆ, ನಾನೇನು ಮಾಡಲಿ ಎಂದು ಅವಳನ್ನೇ ಕೇಳಿದ.

ಅದಕ್ಕೂ ತಾನೇ ಉತ್ತರ ಹುಡುಕಿ ಕೊಡಬೇಕೇ? ಅವಳು ಎದ್ದಳು. "ಇನ್ನು ನೀವು ನೀವೇ ಮಾತಾಡ್ಕಳ್ರಿ" ಎಂದಳು, ಅವನಿಗೆ ಇಂಗ್ಲಿಷಿನಲ್ಲಿ, ಇವನಿಗೆ ಕನ್ನಡದಲ್ಲಿ.

"ಏ, ಹೋದ್ರೆ ಹೆಂಗಮ್ಮ?" ಮರುಳಸಿದ್ದಪ್ಪ ಗೇಟಿನವರೆಗೂ ಹಿಂದೆ ಬಂದ. "ನೀರು ಯಾವಾಗ ಬಿಡ್ತಾರೆ, ಮೋಟರ್ ಎಲ್ಲೈತೆ, ಅದನ್ನಾದ್ರೂ ಹೇಳಿ ಹೋಗು. ನಂಗೆಲ್ಲಿ ಬರುತ್ತೆ ಆ ಭಾಷೆ?"

ಅವಳು ತಿರುಗಲಿಲ್ಲ. ಮಗಳ ಸ್ಕೂಲು ಬಿಡುವ ಹೊತ್ತಾಗಿತ್ತು. ಮೊದಲ ಬಸ್ಸು ತಪ್ಪಿದರೆ ಎರಡನೆಯದೂ ಸಿಗುವುದಿಲ್ಲ.