ನೀಲವ್ವ ಹೊಳೆಗೆ ಹೋಗುವ ದಾರಿ

ನಾನು ಒಂದು ಪ್ರೊಸೆಸರ್. ಕಂಪ್ಯೂಟರಿನ ಒಳಗೆ, ತಿರುಗುವ ಫ್ಯಾನಿನ ಅಡಿಯಲ್ಲಿ ಬಿದ್ದಿರುವಂಥ, ಬಿಸ್ಕತ್ತಿನಷ್ಟು ಗಾತ್ರದವನು. ನನ್ನ ಮೂಲ ಮರಳು ಅನ್ನುತ್ತಾರೆ. ದೂರದೇಶದ ಕಾರ್ಖಾನೆಯಲ್ಲಿ ಮೈಯೆಲ್ಲ ಮುಚ್ಚಿಕೊಂಡ ಮಂದಿ ನನ್ನನ್ನು ಮಾಡಿ, ನನ್ನೊಳಗೆ ಕೋರ್ ಎಂಬ ನಾಲ್ವರು ಕೆಲಸಗಾರರನ್ನಿಟ್ಟರು. ಲೆಕ್ಕ ಕಲಿಸಿದರು, ಸುಮ್ಮನೆ ಕೂರುವುದನ್ನು ಮಾತ್ರ ಕಲಿಸಲಿಲ್ಲ.

ಮೊದಲು ಸೇರಿದ್ದು ಒಂದು ಕಚೇರಿ. ಗುಮಾಸ್ತರು ಒಂದಕ್ಷರ ಒತ್ತಿ ಇನ್ನೊಂದನ್ನು ಹುಡುಕುವಷ್ಟರಲ್ಲಿ ನನಗೆ ಯುಗ ಕಳೆದಂತಾಗುತ್ತಿತ್ತು. ಕಡೆಗೆ ಹಳೆಯ ಮಾಲೆಂದು ಮಾರಿಬಿಟ್ಟರು. ಕೊಂಡವನು ಫೋಟೊ ಸ್ಟುಡಿಯೊದ ದಸ್ತಗೀರ.

ಅವನ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಊರವರನ್ನೆಲ್ಲ ದಿಬ್ಬದ ಮೇಲಿನ ಹೊಸ ಊರಿಗೆ ತಂದು, ಸೆಕ್ಟರ್ ಸೆಕ್ಟರ್ ಮಾಡಿ ಕೂರಿಸಿದ್ದರು. ಗಿರಾಕಿ ಇಲ್ಲದಾಗ ದಸ್ತಗೀರ ಊರು ಕಟ್ಟುವ ಹಳೆಯದೊಂದು ಆಟ ಆಡುತ್ತಿದ್ದ. ಒಮ್ಮೆ ಅದರಲ್ಲಿ ತನ್ನ ಮುಳುಗಿದ ಓಣಿಯನ್ನೇ ಕಟ್ಟಿದ. ಫೋಟೊ ತೆಗೆಸಲು ಬಂದಿದ್ದ, ಅದೇ ಓಣಿಯ ನೀಲವ್ವ ಪರದೆಗೆ ಮೂಗು ತಾಗಿಸಿದಳು.

"ಏ ದಸ್ತಗೀರ, ನಿನ್ನ ಮನಿ ಕಟ್ಟೀದಿ. ನನ್ನ ಮನಿ ಎಲ್ಲೈತೋ?"

"ಕಟ್ತೀನಿ ತಡೀಬೇ ಯವ್ವಾ."

"ಕಟ್ಟು. ಬಾಗಲಾ ಹೊಳಿ ಕಡಿಗಿರ್ಲಿ."

ಮನೆ ಎದ್ದಿತು. ಅದರೊಳಗೊಂದು ಪುಟ್ಟ ಮನುಷ್ಯಾಕೃತಿ, ಅದಕ್ಕೆ ನೀಲವ್ವನದೇ ಹೆಸರು. ಸುದ್ದಿ ಹಬ್ಬದೇ ಇರುತ್ತದೆಯೇ! ಒಬ್ಬರಾದ ಮೇಲೊಬ್ಬರು ಬಂದು ಮನೆ ಕಟ್ಟಿಸಿಕೊಂಡರು. ಆಟದೊಳಗಿನ ಪ್ರತಿಯೊಬ್ಬರೂ ಬಾಗಿಲು ದಾಟಿದರೆ ಎಲ್ಲಿಗೆ ಹೋಗಬೇಕು, ಯಾವ ದಾರಿ ಹಿಡಿಯಬೇಕು, ಇದೆಲ್ಲ ನನ್ನ ತಲೆಗೆ. ಆಟ ಹಳೆಯದು ನೋಡಿ, ಕೆಲಸವೆಲ್ಲ ನನ್ನೊಳಗಿನ ಒಬ್ಬನ ಮೇಲೇ ಹೇರುತ್ತಿತ್ತು. ಉಳಿದ ಮೂವರು ಗೋಡೆಗೊರಗಿ ನಿಂತಿರುತ್ತಿದ್ದರು. ನಾನು ಕಾದು ಕೆಂಡವಾದೆ. ಫ್ಯಾನು ಬೊಬ್ಬೆಯಿಟ್ಟಿತು. ಪರದೆಯ ಮೇಲೆ ಊರೇ ನಿಂತುಬಿಟ್ಟಿತು.

"ಒಂದ್ ಕಾಲ ಎತ್ತಿಕೊಂಡು ನಿಂತೀನಲ್ಲೋ! ಎಷ್ಟೊತ್ತು ನಿಂದ್ರಸ್ತಿ ನನ್ನ?" ಎಂದಳು ನೀಲವ್ವ, ಪರದೆಯೊಳಗಿನ ತನ್ನ ಆಕೃತಿಯನ್ನು ನೋಡಿ.

ದಸ್ತಗೀರ ಚಿತ್ರ ಚುರುಕಾಗಲಿ ಅಂತ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ. ಅದು ನೀಲಿ ದೀಪ ಹಚ್ಚಿಕೊಂಡು ನನ್ನ ಪಕ್ಕ ಆಕಳಿಸುತ್ತ ಕೂತಿತು. ತಡೆ ಇದ್ದದ್ದು ನನ್ನಲ್ಲಿ. ಅದನ್ನು ಹೇಳುವ ಬಾಯಿ ನನಗೆಲ್ಲಿದೆ? ಇನ್ನಷ್ಟು ಬಿಸಿಯಾಗುವುದಷ್ಟೇ ಗೊತ್ತು.

ಕಾಲೇಜಿನ ರಜೆಗೆ ಬಂದ ಮಗಳು ಮೆಹಜಬೀನ್ ನನ್ನ ನಾಡಿ ನೋಡಿದಳು. "ಬಾಬಾ, ಕಾರ್ಡ್ ಖಾಲಿ ಕುಂತೈತಿ. ಪ್ರೊಸೆಸರಿಗೇ ಆಗವಲ್ದು. ಊರಾಗಿನ ಅರ್ಧ ಮಂದೀನ ತಗದ್ರ ಓಡ್ತೈತಿ."

ನೀಲವ್ವನೂ ಓಣಿಯವರೂ ಸ್ಟುಡಿಯೊದಲ್ಲೇ ಕೂತು ಕೇಳುತ್ತಿದ್ದರು. ದಸ್ತಗೀರ ಮೌಸಿನಿಂದ ಕೈ ತೆಗೆದ.

"ಒಮ್ಮೆ ಡ್ಯಾಮಿನವ್ರು ನೋಟೀಸ್ ಕೊಟ್ಟು ಎಬ್ಬಿಸ್ಯಾರ. ಈಗ ನಾ ಯಾರನ್ನ ಎಬ್ಬಿಸ್ಲಿ? ನೀನ ಹೆಸರ ಹೇಳು."

ನನ್ನ ಸಂಕಟ ನಿಮಗೆ ಹೇಗೆ ಹೇಳಲಿ? ಆ ಊರನ್ನು ಮೊದಲ ಸಲ ನೀರು ಖಾಲಿ ಮಾಡಿಸಿತ್ತು. ಎರಡನೆಯ ಸಲಕ್ಕೆ ನಾನು ಕಾರಣನಾಗುವವನಿದ್ದೆ.

ನೀಲವ್ವ ಪರದೆಗೆ ಬೆರಳಿಟ್ಟಳು. "ಇವೇನವ್ವಾ, ಇರಿವಿ ಸಾಲಿನಂಗ?"

"ಕಾರು, ಆಯಿ."

"ನಮ್ಮೂರಾಗ ಇಷ್ಟ್ ಕಾರ್ ಎಲ್ಲಿದ್ವು? ಡಾಕ್ಟರಂದೊಂದಿತ್ತು. ಅದನ್ನೂ ನಾವ ತಳ್ಳತಿದ್ವಿ!"

ಎಲ್ಲರೂ ನಕ್ಕರು. ನಗುತ್ತಿದ್ದ ಮೆಹಜಬೀನ್ ಥಟ್ಟನೆ ಬಾಗಿ ನೋಡಿದಳು. ಆಟ ತಾನಾಗಿಯೇ ಮನೆಮನೆಗೂ ಕಾರು ಕೊಟ್ಟು, ಹೆದ್ದಾರಿಗೆ ಅಟ್ಟುತ್ತಿತ್ತು; ಅವುಗಳ ದಾರಿಯ ಲೆಕ್ಕವೂ ನನ್ನ ತಲೆಗೇ. ಅವಳು ಓಣಿಗಳಿಗೆ ವಾಹನ ಬರದಂತೆ ಮಾಡಿದಳು, ಹೆದ್ದಾರಿಯ ಸಂಪರ್ಕ ಕಿತ್ತಳು. ಕಾರುಗಳು ಮಾಯ. ನನ್ನ ಹೆಗಲ ಮೇಲಿನ ಹೊರೆ ದೊಪ್ಪನೆ ಇಳಿಯಿತು.

ಎತ್ತಿದ ಕಾಲುಗಳು ನೆಲಕ್ಕೆ ಬಂದವು. ಊರು ಓಡಲಿಲ್ಲ ಅನ್ನಿ, ನಡೆಯಿತು. ಒಬ್ಬರನ್ನೂ ಎಬ್ಬಿಸಲಿಲ್ಲ.

ಈಗ ಹೊಸ ಕಂಪ್ಯೂಟರ್ ಬಂದಿದೆ, ಊರೂ ಅದಕ್ಕೆ ಸಾಗಿದೆ. ಹಳೆಯದನ್ನು ಗುಜರಿಯವನು ಒಯ್ಯುವಾಗ ದಸ್ತಗೀರ ನನ್ನೊಬ್ಬನನ್ನು ಬಿಚ್ಚಿಕೊಂಡ. "ಇದೊಂದಿರ್ಲಿ. ಇದರಾಗ ನಮ್ಮೂರೈತಿ" ಎಂದು ಹಳೆಯ ನೆಗೆಟಿವ್‌ಗಳಿರುವ ಡ್ರಾಯರಿನಲ್ಲಿಟ್ಟ.

ಪಾಪ, ತಪ್ಪು ತಿಳಿದಿದ್ದಾನೆ. ಊರಿದ್ದದ್ದು ಡಿಸ್ಕಿನಲ್ಲಿ. ನಾನು ಲೆಕ್ಕ ಹಾಕುವವನೇ ಹೊರತು ಕೂಡಿಡುವವನಲ್ಲ.

ಇಲ್ಲಿ ಕರೆಂಟಿಲ್ಲ, ಫ್ಯಾನಿಲ್ಲ, ಕೆಲಸವೂ ಇಲ್ಲ. ಆದರೂ ದಸ್ತಗೀರನ ಆ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗುತ್ತಲೇ ಇಲ್ಲ. ಹೊಳೆಯ ಕಡೆಗಿನ ಬಾಗಿಲು ದಾಟಿಸಿ, ಬೇವಿನ ಮರ ಬಳಸಿ, ಮೆಟ್ಟಿಲಿಳಿಸಿ, ನೀಲವ್ವನನ್ನು ಹೊಳೆಗೆ ಕರೆದೊಯ್ಯುತ್ತಲೇ ಇದ್ದೇನೆ.