ನಡೆದು ಬಂದವನು

"ಕೈ ಕೆಳಗಿಳಿಸ್ಬೇಡಿ ಅಪ್ಪ, ಹಿಂಗೇ ಮೇಲಕ್ಕೆ ಹಿಡ್ಕಳಿ," ಎನ್ನುತ್ತ ಪವಿತ್ರಾ ಬ್ಯಾಂಡೇಜಿನ ಕೊನೆಯ ಸುತ್ತನ್ನು ಬಿಗಿದಳು. ತೋಟದಲ್ಲಿ ಕಳೆ ಹೊಡೆಯುವ ಮಿಷನ್ನಿಗೆ ಸಿಕ್ಕಿ ಗಂಗಣ್ಣನ ಬಲಗೈ ತೋರುಬೆರಳು ಜಜ್ಜಿಹೋಗಿತ್ತು. ಬಾಗಿಲಿನಿಂದ ಮಂಚದವರೆಗೂ ರಕ್ತದ ಹನಿ. ಅವ್ವ ಸುಲೋಚನಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಮಗಳು ನರ್ಸಾಗಿರುವ ಆಸ್ಪತ್ರೆ ಎಂಬ ಧೈರ್ಯದಲ್ಲೇ ಜೀಪನ್ನು ನೇರವಾಗಿ ಇಲ್ಲಿಗೆ ತಂದಿದ್ದರು.

ಆಗಲೇ ಎಸ್ಟೇಟಿನ ಪಿಕಪ್ಪೊಂದು ಬಂದು ನಿಂತಿತು. ಇಳಿದವನು ಎಸ್ಟೇಟ್ ಕೂಲಿಗಳ ಲೈನ್ ಮನೆಯ ನಿಂಗ. ಹೆಂಡತಿ ಮುತ್ತಿಯ ಭುಜ ಹಿಡಿದುಕೊಂಡು ತಾನೇ ನಡೆದು ಒಳಗೆ ಬಂದ. ಕಾಫಿ ಗಿಡಗಳ ನಡುವೆ ಆನೆ ಅವನನ್ನು ಮರಕ್ಕೆ ಒತ್ತಿ ಹೋಗಿತ್ತಂತೆ. ಮೈಮೇಲೆ ಎಲ್ಲೂ ಗಾಯವಿರಲಿಲ್ಲ. "ಸ್ವಲ್ಪ ನೀರು ಕೊಡಿಯಕ್ಕ," ಎಂದ, ಅಷ್ಟೇ. ಪವಿತ್ರಾ ಅವನ ಕೈ ಹಿಡಿದಳು. ಬೆವರಿನಲ್ಲಿ ತಣ್ಣಗಾಗಿತ್ತು, ನಾಡಿ ಸಿಕ್ಕೂ ಸಿಗದಂತೆ ಓಡುತ್ತಿತ್ತು. ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಗಟ್ಟಿ.

ಇದ್ದದ್ದು ಒಬ್ಬರೇ ಡಾಕ್ಟರು, ಆನಂದ್. ಗ್ಲೌಸ್ ಹಾಕಿಕೊಂಡು ಗಂಗಣ್ಣನ ಕಡೆ ಹೊರಟವರನ್ನು ಪವಿತ್ರಾ ತಡೆದಳು.

"ಸರ್, ಮೊದಲು ಇವರನ್ನ ನೋಡಿ. ಒಳಗೆ ರಕ್ತ ಹೋಗ್ತಿದೆ ಅನ್ಸುತ್ತೆ."

"ಅವರು ನಿಮ್ಮ ತಂದೆ ಅಲ್ವಾ?"

"ಹೌದು ಸರ್. ಅವರು ಕಾಯಬಹುದು."

ಆಕ್ಸಿಜನ್ ಇದ್ದದ್ದು ಒಂದೇ ಮಂಚಕ್ಕೆ. ಅದರ ಮೇಲೆ ಕೂತಿದ್ದ ಅಪ್ಪನ ತೋಳು ಹಿಡಿದು ಅವಳೇ ಎಬ್ಬಿಸಿದಳು. ಗಂಗಣ್ಣ ಮಗಳ ಮುಖವನ್ನು ಗುರುತು ಸಿಗದವನಂತೆ ನೋಡಿದ. "ನಡ್ಕಂಡ್ ಬಂದವ್ನಿಗೆ ಮಂಚ, ರಕ್ತ ಸುರಿಸ್ಕಂಡ್ ಬಂದ ಅಪ್ಪಂಗೆ ಬೆಂಚು. ಆಗ್ಲಿ ಬುಡವ್ವ," ಎಂದ. ಹೊರಗೆ ಕಾಯುತ್ತಿದ್ದವರೆಲ್ಲ ಕತ್ತೆತ್ತಿ ನೋಡಿದರು.

ಡ್ರಿಪ್ ಹಾಕಿ ನಿಂಗನನ್ನು ಆಂಬುಲೆನ್ಸಿನಲ್ಲಿ ಮಡಿಕೇರಿಗೆ ಕಳಿಸಿದರು. ಡಾಕ್ಟರು ಗಂಗಣ್ಣನ ಬ್ಯಾಂಡೇಜು ಬಿಚ್ಚುತ್ತಿದ್ದಾಗ ಫೋನು ಬಂತು. ದಾರಿಯಲ್ಲೇ ನಿಂಗನ ಜೀವ ಹೋಗಿತ್ತು.

ಗಂಗಣ್ಣನ ಬೆರಳನ್ನು ಅದೇ ಸಂಜೆ ಹಾಸನದಲ್ಲಿ ತೆಗೆದರು. ಜಜ್ಜಿದ ಬೆರಳು, ಕೂಡಲೇ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೋಡಲು ಬಂದವರಿಗೆಲ್ಲ ಗಂಗಣ್ಣನದು ಒಂದೇ ಮಾತು: "ಸಾಯೋನ್ನ ಉಳುಸ್ತೀನಿ ಅಂತ ಹೋಗಿ ಅಪ್ಪನ ಬೆರಳು ಕಳದ್ಲು ನನ್ ಮಗಳು." ಅವ್ವ ಅಲ್ಲೇ ಕೂತು ಅನ್ನ ಕಲಸಿ ಗಂಡನಿಗೆ ತಿನ್ನಿಸುತ್ತಿದ್ದಳು.

ಪವಿತ್ರಾ ಡ್ಯೂಟಿಗೆ ಬರುತ್ತಲೇ ಇದ್ದಳು. ಮನೆಯವರಿಗೆ ತಿಳಿಯದಿದ್ದರೇನು, ನಿಂಗನನ್ನು ಉಳಿಸಲು ನೋಡಿದ್ದು ಮುತ್ತಿಗಾದರೂ ಗೊತ್ತಿದೆ ಎಂದುಕೊಳ್ಳುತ್ತಿದ್ದಳು.

ಮುತ್ತಿ ಬಂದದ್ದು ಮುಂದಿನ ವಾರ, ಸಂತೆಯ ದಿನ ಬೆಳಿಗ್ಗೆ. ಬೆಂಚಿನಲ್ಲಿ ಕೂರಲು ಹೇಳಿದರೂ ಕೂರದೆ ಬಾಗಿಲಲ್ಲೇ ನಿಂತಳು.

"ಅವರು ನಡ್ಕೊಂಡು ಬಂದ್ರಲ್ಲಕ್ಕ?"

"ಹೌದು ಮುತ್ತಿ."

"ಮಾತೂ ಆಡಿದ್ರು. ನೀರು ಕೇಳಿದ್ರು, ನೀವು ಕೊಡ್ಲಿಲ್ಲ." ಅವಳ ದನಿ ಏರಲಿಲ್ಲ. "ಅಷ್ಟೊಂದು ರಕ್ತ ಸುರೀತಿದ್ದ ನಿಮ್ಮಪ್ಪನ್ನ ಬಿಟ್ಟು ಇವರನ್ನ ಯಾಕೆ ಮಲಗಿಸಿದ್ರಿ? ಏನು ಮಾಡಿದ್ರಿ ಅವರಿಗೆ?"

ಹೊಟ್ಟೆಯೊಳಗಿನ ರಕ್ತದ ವಿಷಯ, ಆಪರೇಷನ್ನಿಗೆ ಮುಂಚೆ ನೀರು ಯಾಕೆ ಕೊಡಬಾರದೆಂಬ ವಿಷಯ ಪವಿತ್ರಾ ಹೇಳತೊಡಗಿದಳು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಸುಳ್ಳು ಹೇಳುವವರ ಮಾತಿನಂತೆ ಕೇಳಿಸಿತು.

"ಅವರ ಶರ್ಟು ಇಲ್ಲೇ ಉಳೀತು," ಎಂದಳು ಮುತ್ತಿ.

ಪವಿತ್ರಾ ಕಪಾಟಿನಿಂದ ಪ್ಲಾಸ್ಟಿಕ್ ಚೀಲ ತಂದು ಕೊಟ್ಟಳು. ಅವಸರದಲ್ಲಿ ಕತ್ತರಿ ಆಡಿಸಿ ತೆಗೆದಿದ್ದ ನೀಲಿ ಶರ್ಟು. ಮುತ್ತಿ ಅದನ್ನು ಜಗಲಿಯ ಕಟ್ಟೆಯ ಮೇಲೆ ಹರಡಿ, ಸೀಳಿದ ಎರಡು ಅಂಚುಗಳನ್ನು ಜೋಡಿಸಿ, ಅಂಗೈಯಿಂದ ನಿಧಾನವಾಗಿ ಒತ್ತಿದಳು. ಆಮೇಲೆ ಸೀಳು ಒಳಗಾಗುವಂತೆ ಮಡಿಚತೊಡಗಿದಳು.