ಚೀಟಿಯಲ್ಲಿ ಬರೆದ ಹೆಸರು

ಸೋದರಿ ಸಂಘದ ಕಾರ್ಯದರ್ಶಿ ಮಂಜುಳಮ್ಮನಿಗೆ ಸಂಕ್ರಾಂತಿ ಒಂದು ದಿನದ ಹಬ್ಬವಲ್ಲ, ಒಂದು ತಿಂಗಳ ಕೆಲಸ. ಮೈಸೂರಿನ ಲಕ್ಷ್ಮೀಪುರಂನಲ್ಲಿ ಒಂದು ಶಾಲೆಯ ಹಿಂದಿದ್ದ ಹೆಂಚಿನ ಕೋಣೆಯೇ ಸಂಘ. ಮೂವತ್ತನಾಲ್ಕು ಜನ ಸದಸ್ಯೆಯರು. ದಸರೆಯಲ್ಲಿ ಗೊಂಬೆ ಕೂರಿಸುವ ಪಂದ್ಯ, ದೀಪಾವಳಿಗೆ ಅನಾಥಾಲಯದ ಮಕ್ಕಳಿಗೆ ಬಟ್ಟೆ, ಯುಗಾದಿಗೆ ಮುಂಚೆ ಕಸೂತಿ ಪ್ರದರ್ಶನ, ಸಂಕ್ರಾಂತಿಗೆ ಯಾವುದಾದರೂ ಒಂದು ಸಂಸ್ಥೆಗೆ ಹೋಗಿ ಎಳ್ಳು ಬೀರಿ ಬರುವುದು. ಸಂಘ ಶುರುವಾಗಿ ಆರು ವರ್ಷವಾಗಿತ್ತು. ಆರು ವರ್ಷವೂ ಹೀಗೇ ನಡೆದಿತ್ತು.

ಆ ವರ್ಷ, ಅಂದರೆ ಐವತ್ತೆಂಟನೆಯ ಇಸವಿಯಲ್ಲಿ, ಎಲ್ಲಿಗೆ ಹೋಗುವುದು ಎಂಬ ಮಾತು ಬಂದಾಗ ಡಾಕ್ಟರ ಹೆಂಡತಿ ಗಿರಿಜಾಂಬಾ ಹೇಳಿದರು: "ಕ್ಷಯದ ಆಸ್ಪತ್ರೆಗೆ ಯಾರೂ ಹೋಗಲ್ಲ ಕಣ್ರೀ. ಹಬ್ಬದ ದಿನ ಆ ಹೆಂಗಸರು ಗೇಟು ನೋಡ್ಕೊಂಡು ಕೂತಿರ್ತಾರಂತೆ. ನಮ್ಮನೆಯವರು ಹೇಳ್ತಿದ್ರು."

ಅಧ್ಯಕ್ಷೆ ಅಂಬುಜಮ್ಮ ಯಾವತ್ತೂ ಯಾವುದಕ್ಕೂ ಬೇಡ ಎಂದವರಲ್ಲ. ಅವರ ಗಂಡ ಅಮಲ್ದಾರರಾಗಿ ನಿವೃತ್ತರಾದವರು. ಸಂಘಕ್ಕೆ ಆ ಕೋಣೆ ಸಿಕ್ಕಿದ್ದೇ ಅವರಿಂದ. ಅಂಥವರು ಅವತ್ತು ಕೈಯಲ್ಲಿದ್ದ ಬೀಸಣಿಗೆ ಕೆಳಗಿಟ್ಟು, "ಅದು ಬೇಡ. ನಮ್ಮ ನಮ್ಮ ಮನೇಲಿ ಮಕ್ಕಳಿದಾರೆ. ಹಬ್ಬದ ದಿನ ಹೋಗಿ ರೋಗ ತಗೊಂಡು ಬರೋದಾ?" ಎಂದರು. ಆದರೆ ಕೈ ಎತ್ತಿಸಿ ನೋಡಿದಾಗ ಹೋಗಬೇಕು ಎಂದವರೇ ಹೆಚ್ಚಿದ್ದರು. ಅಂಬುಜಮ್ಮ ಬೀಸಣಿಗೆಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಹಬ್ಬದ ದಿನ ಮಾತ್ರ ತಲೆನೋವು ಎಂದು ಹೇಳಿಕಳಿಸಿದರು.

ಎಳ್ಳು, ಸಕ್ಕರೆ ಅಚ್ಚು, ಬಾಳೆಹಣ್ಣು, ಕಬ್ಬಿನ ತುಂಡು ತುಂಬಿದ ಬುಟ್ಟಿಗಳ ಜೊತೆ ನಾಲ್ವರು ಹೆಂಗಸರು ಎರಡು ಜಟಕಾದಲ್ಲಿ ಹೊರಟರು. ಗೇಟಿನ ಬಳಿ ಬಂದ ಮೇಟ್ರನ್, "ಒಳಗೆ ಬಂದು ನಿಮ್ಮ ಕೈಯಾರೆ ಕೊಟ್ರೆ ಅವರಿಗೆ ಸಂತೋಷ ಆಗುತ್ತೆ. ಮಂಚದಿಂದ ಸ್ವಲ್ಪ ದೂರ ನಿಂತ್ಕೊಂಡ್ರೆ ಸಾಕು, ಏನೂ ಆಗಲ್ಲ" ಎಂದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರಿಗಿಂತ ಹಿರಿಯಳಾದ ಬಸಮ್ಮ, "ನೀನೇ ಹೋಗಿ ಬಾ ತಾಯಿ, ಕಾರ್ಯದರ್ಶಿ ನೀನಲ್ವಾ" ಎಂದಳು. ಮಂಜುಳಮ್ಮ ಬುಟ್ಟಿ ಹೊತ್ತ ಆಸ್ಪತ್ರೆಯ ಆಯಾ ಜೊತೆ ಒಳಗೆ ಹೋದಳು. ಉಳಿದ ಮೂವರೂ ಹೊಂಗೆ ಮರದ ಕೆಳಗೆ ನಿಂತರು.

ಹೆಂಗಸರ ವಾರ್ಡು ಉದ್ದನೆಯ ಜಗುಲಿಯಂತಿತ್ತು. ಗಾಳಿಯಾಡಲೆಂದು ಒಂದು ಕಡೆ ಗೋಡೆಯೇ ಇರಲಿಲ್ಲ. ಇಪ್ಪತ್ತೆರಡು ಮಂಚ. ಮಂಜುಳಮ್ಮ ಒಬ್ಬೊಬ್ಬರಿಗೂ ಎಳ್ಳು ಕೊಟ್ಟು, "ಒಳ್ಳೇ ಮಾತಾಡಿ" ಎನ್ನುತ್ತ ಮುಂದೆ ಹೋದಳು. ಕೆಲವರು ನಕ್ಕರು. ಒಬ್ಬಾಕೆ ಸಕ್ಕರೆ ಅಚ್ಚನ್ನು ಬೆಳಕಿಗೆ ಹಿಡಿದು, "ಗಿಳಿ ಬಂದೈತೆ ನನಗೆ" ಎಂದು ಪಕ್ಕದವಳಿಗೆ ತೋರಿಸಿದಳು. ಕೊನೆಯ ಮಂಚದವಳು ಸೆರಗನ್ನು ಮುಖದ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದಳು.

"ತಗೊಳಮ್ಮ, ಹಬ್ಬ ಇವತ್ತು" ಎಂದಳು ಮಂಜುಳಮ್ಮ.

"ಅಲ್ಲೇ ಇಟ್ಟು ಹೋಗಿ ಮಂಜುಳಕ್ಕ."

ಆ ದನಿ ಮಂಜುಳಮ್ಮನಿಗೆ ಗೊತ್ತಿತ್ತು. ಹೋದ ವರ್ಷದವರೆಗೂ ಸಂಘದ ಭಜನೆಯಲ್ಲಿ ಮೊದಲು ಎತ್ತಿಕೊಡುತ್ತಿದ್ದ ದನಿ. ಅಂಬುಜಮ್ಮನ ಸೊಸೆ ಚಾಮುಂಡೇಶ್ವರಿ. ಇಲವಾಲದಲ್ಲಿ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ನೋಡಿಕೊಳ್ಳುವವರಿಲ್ಲ, ಅದಕ್ಕೆ ತವರಿಗೆ ಹೋಗಿದ್ದಾಳೆ ಎಂದು ಎಂಟು ತಿಂಗಳಿಂದ ಅಂಬುಜಮ್ಮ ಎಲ್ಲರಿಗೂ ಹೇಳುತ್ತಿದ್ದರು. ಮಂಜುಳಮ್ಮನೂ ಎರಡು ಸಲ ಆ ತಾಯಿಯ ಸೊಂಟದ ಬಗ್ಗೆ ವಿಚಾರಿಸಿದ್ದಳು.

"ನಮ್ಮವ್ವ ಚೆನ್ನಾಗೇ ಇದಾಳೆ ಅಕ್ಕ" ಎಂದಳು ಚಾಮುಂಡೇಶ್ವರಿ, ಮಂಜುಳಮ್ಮ ಕೇಳುವ ಮೊದಲೇ. "ನೀವು ನೋಡಿದ್ದು ಯಾರಿಗೂ ಹೇಳ್ಬೇಡಿ. ನಾದಿನಿಗೆ ಮಂಡ್ಯದ ಕಡೆ ಗಂಡು ಗೊತ್ತಾಗೈತೆ. ಈ ರೋಗ ಇರೋ ಮನೆ ಅಂತ ತಿಳಿದ್ರೆ ಯಾರು ಮಾಡ್ಕೋತಾರೆ? ಅತ್ತೇದೇನೂ ತಪ್ಪಿಲ್ಲ."

"ನಿನ್ನ ನೋಡೋಕೆ ಯಾರು ಬರ್ತಾರೆ?"

"ಅವರು ಬರ್ತಾರೆ. ತಿಂಗಳಿಗೊಂದು ಭಾನುವಾರ. ಕೂಸನ್ನ ಮಾತ್ರ ಕರ್ಕೊಂಡು ಬರಂಗಿಲ್ಲ." ಅವಳು ಈಗ ಮುಖ ತಿರುಗಿಸಿದಳು. ಮಂಜುಳಮ್ಮ ಅಂದುಕೊಂಡಂತೆ ಮುಖ ಸೊರಗಿರಲಿಲ್ಲ, ಕೆನ್ನೆ ತುಂಬಿಕೊಂಡಿತ್ತು. "ಸೂಜಿಮದ್ದು ಹಿಡೀತು ಅಕ್ಕ. ಕಫದಲ್ಲಿ ಏನೂ ಇಲ್ವಂತೆ. ಮಾರ್ಚಲ್ಲಿ ಇನ್ನೊಂದು ಎಕ್ಸ್‌ರೇ ತೆಗೆದು ಮನೆಗೆ ಕಳಿಸ್ತೀವಿ ಅಂದವ್ರೆ. ಮನೆಗೆ ಕಾಗದಾನೂ ಹಾಕಿದ್ರು. ಮದುವೆ ಆಗೋ ತನಕ ಅಲ್ಲೇ ಇಟ್ಕೊಳ್ಳಿ ಅಂತ ಅತ್ತೆ ಹೇಳಿಕಳಿಸಿದ್ರು."

ಹೊರಗೆ ಬಂದ ಮಂಜುಳಮ್ಮ ಜೊತೆಯವರಿಗೆ ಏನೂ ಹೇಳಲಿಲ್ಲ. ವರದಿಯಲ್ಲಿ 'ಇಪ್ಪತ್ತೆರಡು ಮಂದಿ ಸೋದರಿಯರಿಗೆ ಎಳ್ಳು ಹಂಚಲಾಯಿತು' ಎಂದಷ್ಟೇ ಬರೆದಳು. ರಾತ್ರಿ ಊಟಕ್ಕೆ ಕೂತಾಗ ಗಂಡ ಕರಿಬಸವಯ್ಯನಿಗೆ ಮಾತ್ರ ಹೇಳಿದಳು. ಅವರು ಮಿಡ್ಲ್ ಸ್ಕೂಲಿನ ಮೇಷ್ಟ್ರು, ಬೇರೆಯವರ ಮನೆ ವಿಷಯಕ್ಕೆ ಹೋಗುವ ಸ್ವಭಾವದವರಲ್ಲ. "ಅವರ ಮನೆ ಸಂಗತಿ. ನೋಡಿದ್ದು ನೋಡಿದ ಹಾಗೇ ಇರಲಿ" ಎಂದರು.

ಆದರೆ ಮಂಜುಳಮ್ಮನಿಗೆ ಹಾಗೆ ಇರಲಾಗಲಿಲ್ಲ. ಮುಂದಿನ ವಾರ ಮೇಟ್ರನ್ ಅವರನ್ನು ಕಂಡು, ಮಂಗಳವಾರ ಮಧ್ಯಾಹ್ನಗಳಲ್ಲಿ ವಾರ್ಡಿನಲ್ಲಿ ಕಸೂತಿ ಹೇಳಿಕೊಡಬಹುದೇ ಎಂದು ಕೇಳಿದಳು. ಅವರು ಕೂಡಲೇ ಒಪ್ಪಿದರು. ಮಲಗಿ ಮಲಗಿ ಬೇಸತ್ತ ಹೆಂಗಸರಿಗೆ ಕೈಗೊಂದು ಕೆಲಸ ಬೇಕಾಗಿತ್ತು. ಗಿರಿಜಾಂಬಾ ದಾರ ಕೊಡಿಸಿದರು, ಬಸಮ್ಮ ಮನೆಯಲ್ಲಿದ್ದ ಹಳೆಯ ಬೆಳ್ಳನೆಯ ಪಂಚೆಗಳನ್ನು ಹರಿದು ಕೊಟ್ಟಳು. ಎಂಟು ಹೆಂಗಸರು ಕಲಿಯಲು ಸೇರಿದರು. ಚಾಮುಂಡೇಶ್ವರಿಗೆ ಹೊಲಿಗೆ ಮೊದಲೇ ಬರುತ್ತಿತ್ತು, ಉಳಿದವರಿಗೆ ಅವಳೇ ಹೇಳಿಕೊಟ್ಟಳು. ತಾನು ದಿಂಬಿನ ಗೌಸೊಂದರ ಮೇಲೆ ರಾಗಿ ತೆನೆಗಳನ್ನೂ ನಡುನಡುವೆ ಅವರೆ ಹೂವನ್ನೂ ಹಾಕಿದಳು. ನವಿಲು, ಹಂಸ ಬಿಟ್ಟು ಬೇರೇನನ್ನೂ ಕಸೂತಿಯಲ್ಲಿ ನೋಡಿರದಿದ್ದ ಮಂಜುಳಮ್ಮನಿಗೆ ಅದು ಹೊಸದಾಗಿ ಕಂಡಿತು.

ವಾರ್ಡಿನ ಕೆಲಸವನ್ನು ಪ್ರದರ್ಶನದಲ್ಲಿಡುವ ಮಾತು ಬಂದಾಗ ಸಂಘದಲ್ಲಿ ಗಲಾಟೆಯೇ ಆಯಿತು. ಆ ಬಟ್ಟೆ ಮುಟ್ಟುವವರು ಯಾರು ಎಂದರು ಕೆಲವರು. ಬಿಸಿನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಕೊಡುತ್ತೇವೆ ಎಂದು ಆಸ್ಪತ್ರೆಯಿಂದ ಬರೆದುಕೊಟ್ಟ ಮೇಲೆ ಒಪ್ಪಿದರು. ಅಂಬುಜಮ್ಮ ಆ ಸಭೆಗೆ ಬಂದಿರಲಿಲ್ಲ.

ಪ್ರದರ್ಶನದಲ್ಲಿಟ್ಟ ಪ್ರತಿಯೊಂದು ಬಟ್ಟೆಗೂ ಮಾಡಿದವರ ಹೆಸರು, ಊರು ಬರೆದ ಚೀಟಿ ಹಚ್ಚುವುದು ಸಂಘದ ರೂಢಿ. ಏಳು ಹೆಂಗಸರು ಹೆಸರು ಬೇಡ ಎಂದರು. 'ವಾರ್ಡಿನ ಸೋದರಿ' ಎಂದರೆ ಸಾಕಂತೆ.

"ನಿನಗೂ ಹಾಗೇ ಬರೆದ್ಬುಡ್ಲಾ?" ಎಂದಳು ಮಂಜುಳಮ್ಮ.

ಚಾಮುಂಡೇಶ್ವರಿ ಸೂಜಿಗೆ ದಾರ ಪೋಣಿಸಿದಳು. "ಬೇಡ ಅಕ್ಕ. ನನ್ನ ಹೆಸರೇ ಬರೀರಿ. ಒಂಬತ್ತು ತಿಂಗಳಿಂದ ನಾನು ಎಲ್ಲೂ ಇಲ್ಲ. ಇಲವಾಲದಾಗೂ ಇಲ್ಲ, ಮೈಸೂರಾಗೂ ಇಲ್ಲ. ಚೀಟೀಲಾದ್ರೂ ಇರ್ತೀನಿ."

"ನಿಮ್ಮತ್ತೆ?"

"ಅತ್ತೆಗೆ ನೀವೇ ಹೇಳಿ. ಅವರು ಬೇಡ ಅಂದ್ರೆ ಹರಿದ್ಹಾಕಿ."

ಹೀಗೆ ಅಂಬುಜಮ್ಮನಿಗೆ ಹೇಳುವ ಹೊಣೆ ಮಂಜುಳಮ್ಮನ ತಲೆಗೆ ಬಂತು. ಪ್ರದರ್ಶನಕ್ಕೆ ಎರಡು ವಾರವಿರುವಾಗ ಅವಳು ಅಂಬುಜಮ್ಮನ ಮನೆಗೆ ಹೋದಳು. ಪಡಸಾಲೆಯಲ್ಲಿ ಅಂಬುಜಮ್ಮ ಒಬ್ಬರೇ ಅಕ್ಕಿ ಆರಿಸುತ್ತಿದ್ದರು. ಮಂಜುಳಮ್ಮ ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅಂಬುಜಮ್ಮನ ಕೈ ಮೊರದ ಮೇಲೆ ನಿಂತುಹೋಯಿತು.

"ನನ್ನ ಹೆದರಿಸೋಕೆ ಬಂದಿದೀರಾ?"

"ಇಲ್ಲ ಅಂಬುಜಮ್ಮನೋರೇ. ನಿಮಗೆ ಹೇಳದೇ ಮಾಡೋದು ಬೇಡ ಅಂತ ಬಂದೆ. ನೀವು ಬೇಡ ಅಂದ್ರೆ ಆ ಚೀಟಿ ಹಚ್ಚಲ್ಲ. ಅವಳೂ ಹಾಗೇ ಹೇಳಿದಾಳೆ."

"ಮತ್ತೆ ಇನ್ನೇನು? ಬೇಡ. ಮದುವೆಗೆ ಬಂದ ಹುಡುಗಿ ನಿಮ್ಮನೇಲಿಲ್ಲ, ನಿಮಗೆ ಗೊತ್ತಾಗಲ್ಲ. ವೈಶಾಖ ಕಳೀಲಿ, ಸೊಸೇನ ನಾನೇ ಹೋಗಿ ಕರ್ಕೊಂಡು ಬರ್ತೀನಿ. ನನಗೇನು ಅವಳ ಮೇಲೆ ದ್ವೇಷವಾ? ಅವಳ ಕೂಸನ್ನ ಮಗ್ಗುಲಲ್ಲಿ ಹಾಕ್ಕೊಂಡು ಮಲಗ್ತಿರೋಳು ನಾನು." ಅಂಬುಜಮ್ಮನ ಕಣ್ಣಲ್ಲಿ ನೀರು ಬಂತು. ಅವರು ಅತ್ತದ್ದನ್ನು ಮಂಜುಳಮ್ಮ ಅದೇ ಮೊದಲು ನೋಡಿದ್ದು.

ಒಳಗಿನಿಂದ ಕಾಫಿ ತಂದ ಮಗಳು ಪುಟ್ಟಲಕ್ಷ್ಮಿ ಲೋಟ ಕೆಳಗಿಟ್ಟು ಅಲ್ಲೇ ನಿಂತಳು. ಮದುವೆ ಗೊತ್ತಾಗಿದ್ದ ಹುಡುಗಿ ಅವಳೇ, ಹತ್ತೊಂಬತ್ತು ವರ್ಷ. "ಮಂಡ್ಯದೋರಿಗೆ ನಾವೇ ಹೇಳ್ಬುಡಾಣಮ್ಮ" ಎಂದಳು.

"ನೀನು ಒಳಗೆ ಹೋಗು."

"ನಾಳೆ ಅಲ್ಲಿಗೆ ಹೋದ್ಮೇಲೆ ತಿಳಿದ್ರೆ? ನನ್ನ ಎದುರಿಗೇ ಕೇಳ್ತಾರೆ, ಯಾಕೆ ಮುಚ್ಚಿಟ್ರಿ ಅಂತ. ಆಗ ನೀನಿರ್ತೀಯಾ ಅಲ್ಲಿ? ಅತ್ತಿಗೆ ವಿಷಯಕ್ಕೆ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗೈತೆ."

ಅಂಬುಜಮ್ಮ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಮಂಜುಳಮ್ಮ ಕಾಫಿ ಕುಡಿಯದೆ ಎದ್ದು ಬಂದಳು.

ಮರುದಿನ ಅಂಬುಜಮ್ಮನ ಮಗ ಸುಂದರೇಶ ರೈಲ್ವೆ ಕಚೇರಿಗೆ ರಜ ಹಾಕಿ ಮಂಡ್ಯಕ್ಕೆ ಹೋದ. ಅವನು ಮೆತ್ತಗಿನ ಮನುಷ್ಯ. ಅಮ್ಮನಿಗೂ ಎದುರಾಡಲಾರದೆ ಹೆಂಡತಿಯನ್ನೂ ಬಿಡಲಾರದೆ ಒಂಬತ್ತು ತಿಂಗಳು ಕಳೆದಿದ್ದ. ಈ ಸಲ ತಂಗಿಯೇ ಹಟ ಹಿಡಿದು ಕಳಿಸಿದ್ದಳು. ಗಂಡಿನ ಮನೆಯವರು ಎಲ್ಲವನ್ನೂ ಸಮಾಧಾನವಾಗಿ ಕೇಳಿದರು, ಊಟ ಹಾಕಿದರು, ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿಕೊಟ್ಟರು. ಎಂಟು ದಿನದ ಮೇಲೆ ಅವರಿಂದ ಕಾಗದ ಬಂತು. ಇನ್ನೊಬ್ಬ ಜೋಯಿಸರಿಗೆ ತೋರಿಸಿದಾಗ ಜಾತಕ ಕೂಡಿಬರಲಿಲ್ಲ ಎಂದಿತ್ತು.

ಸುದ್ದಿ ಮಂಜುಳಮ್ಮನಿಗೂ ತಿಳಿಯಿತು. "ಒಂದು ಹುಡುಗಿ ಮದುವೆ ಮುರಿದೆ ನಾನು" ಎಂದಳು ಗಂಡನಿಗೆ.

"ನೀನು ಮುರೀಲಿಲ್ಲ. ಆದರೆ ನೀನು ಹೋಗದೇ ಇದ್ದಿದ್ರೆ ಮುರೀತಿರಲಿಲ್ಲ, ಅದೂ ನಿಜವೇ" ಎಂದರು ಕರಿಬಸವಯ್ಯ. ಸುಳ್ಳು ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಸುಂದರೇಶ ಸಂಘದ ಬೀರುವಿನ ಬೀಗದ ಕೈಯನ್ನೂ ಅಮ್ಮ ಅಧ್ಯಕ್ಷಗಿರಿ ಬಿಟ್ಟು ಬರೆದಿದ್ದ ಕಾಗದವನ್ನೂ ತಂದುಕೊಟ್ಟ. "ಚೀಟಿ ಬಗ್ಗೆ ಏನಾದ್ರೂ ಹೇಳಿದ್ರಾ?" ಎಂದು ಮಂಜುಳಮ್ಮ ಕೇಳಿದಳು.

"ಇನ್ನು ಮುಚ್ಚಿಡೋಕೇನಿದೆ, ಏನಾದ್ರೂ ಬರ್ಕೊಳ್ಲಿ ಅಂದ್ರು."

ಮಂಜುಳಮ್ಮ ಚೀಟಿ ಬರೆದು ಗೌಸಿನ ಅಂಚಿಗೆ ಗುಂಡುಸೂಜಿಯಿಂದ ಚುಚ್ಚಿದಳು: ಚಾಮುಂಡೇಶ್ವರಿ, ಲಕ್ಷ್ಮೀಪುರಂ. ಸುಂದರೇಶ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಮಧ್ಯಾಹ್ನ ಬಂದ ಸದಸ್ಯೆಯರು ಚೀಟಿ ಓದಿ ಮೂಲೆಯಲ್ಲಿ ಗುಸುಗುಸು ಮಾಡಿದರು. ಒಂದಿಬ್ಬರು ಹತ್ತಿರ ಬರದೆ ದೂರದಿಂದಲೇ ನೋಡಿ ಹೋದರು. ಬಹುಮಾನ ಎಂದಿನಂತೆ ಒಂದು ಹಂಸಕ್ಕೆ ಹೋಯಿತು. ಯುಗಾದಿ ಬರುವಷ್ಟರಲ್ಲಿ ಗುಸುಗುಸು ನಿಂತು ಬೇರೆ ಮಾತು ಶುರುವಾಗಿತ್ತು.

ಯುಗಾದಿಯ ಮರುವಾರ ಆಸ್ಪತ್ರೆಯವರು ಚಾಮುಂಡೇಶ್ವರಿಯನ್ನು ಕಳಿಸಿದರು. ಕರೆತರಲು ಸುಂದರೇಶನ ಜೊತೆ ಪುಟ್ಟಲಕ್ಷ್ಮಿಯೂ ಹೋದಳು. ಮಂಗಳವಾರವಾದ್ದರಿಂದ ಮಂಜುಳಮ್ಮ ವಾರ್ಡಿನಲ್ಲೇ ಇದ್ದಳು. ಚಾಮುಂಡೇಶ್ವರಿ ನಾದಿನಿಯ ಕೈ ಹಿಡಿದು, "ನನ್ನಿಂದ ನಿನಗೆ ಹಿಂಗಾಯ್ತಲ್ಲವ್ವ" ಎಂದು ಅತ್ತಳು. "ಗಂಟು ಎತ್ಕೊಳ್ಳಿ ಅತ್ತಿಗೆ, ಜಟಕಾದೋನು ಕಾಯ್ತಾವ್ನೆ" ಎಂದಳು ಪುಟ್ಟಲಕ್ಷ್ಮಿ. ಅವಳ ಮುಖದಲ್ಲೂ ನಗೆಯಿರಲಿಲ್ಲ. ಮಂಜುಳಮ್ಮನ ಕಡೆ ಅವಳು ತಿರುಗಿ ನೋಡಲಿಲ್ಲ.

ಪುಟ್ಟಲಕ್ಷ್ಮಿಗೆ ಮದುವೆಯಾಗಲು ಇನ್ನೂ ಎರಡು ವರ್ಷ ಹಿಡಿಯಿತು. ಗಂಡು ಹುಣಸೂರಿನ ಕಡೆಯವನು, ಪಶುವೈದ್ಯ. ಎಲ್ಲವನ್ನೂ ಮೊದಲೇ ಹೇಳಿ ಮಾಡಿದ ಮದುವೆ. ಮಂಜುಳಮ್ಮನ ಮನೆಗೆ ಅದರ ಕರೆಯೋಲೆ ಬಂತು, ಕೊಡಲು ಬಂದವನು ಸುಂದರೇಶ.

ಅಷ್ಟರ ತನಕ ಅಂಬುಜಮ್ಮ ಅವಳೊಡನೆ ಮಾತಾಡಿರಲಿಲ್ಲ. ಮದುವೆಯ ದಿನ ಮಂಜುಳಮ್ಮ ಹೆಂಗಸರ ಪಂಕ್ತಿಯ ತುದಿಯಲ್ಲಿ ಕೂತಿದ್ದಾಗ ಅವರೇ ತುಪ್ಪದ ಗಿಂಡಿ ಹಿಡಿದು ಬಂದರು. ಬಡಿಸಿ, ಅಲ್ಲೇ ನಿಂತರು.

"ನೀವು ಮಾಡಿದ್ದು ಸರಿ ಅಂತ ನಾನು ಇವತ್ತೂ ಹೇಳಲ್ಲ ಮಂಜುಳಮ್ಮ. ಆ ಎರಡು ವರ್ಷ ನನ್ನ ಮಗಳು ಹೆಂಗಿದ್ಲು ಅಂತ ನೋಡಿದೋಳು ನಾನು."

"ನಾನೂ ಹೇಳಲ್ಲ" ಎಂದಳು ಮಂಜುಳಮ್ಮ.

"ಮನೇಲಿ ಈಗ ಅಡುಗೆ ಎಲ್ಲಾ ಸೊಸೇದೇ. ನಾವೆಲ್ಲ ಅವಳು ಮಾಡಿದ್ದೇ ಉಣ್ತೀವಿ." ಇದನ್ನು ಹೇಳಲೇಬೇಕು ಎಂದು ಮೊದಲೇ ನಿಶ್ಚಯಿಸಿಕೊಂಡವರ ಹಾಗೆ ಅಂಬುಜಮ್ಮ ಅವಸರವಾಗಿ ಹೇಳಿದರು. ಆಮೇಲೆ, "ಇನ್ನೊಂಚೂರು ತುಪ್ಪ ಹಾಕಿಸ್ಕೊಳಿ" ಎಂದು ಮತ್ತೆ ಬಗ್ಗಿದರು.